ಸೋದರಮಾವ ಎಂಬ ಅಪಾಯ

ಮಕ್ಕಳ ರಕ್ಷಣೆಯ ಕೆಲಸದಲ್ಲಿ ನನ್ನ ತಲೆ ಕೆಟ್ಟದ್ದು ಆ ಕಂಪ್ಯೂಟರ್ ಬಂದ ಮೇಲೆ. ಯಾವ ಮನೆಯ ಮಗುವಿಗೆ ಮುಂದೆ ಅಪಾಯವಾಗಬಹುದು ಎಂದು ಅದು ಮೊದಲೇ ಲೆಕ್ಕ ಹಾಕಿ ಅಂಕ ಕೊಡುತ್ತಿತ್ತು. ಅಂಕ ಹೆಚ್ಚಾದರೆ ಆ ಮನೆ ಪರದೆಯ ಮೇಲೆ ಕೆಂಪಾಗುತ್ತಿತ್ತು, ನಾವು ಹೋಗಿ ವಿಚಾರಿಸಬೇಕಿತ್ತು.

ನಮ್ಮ ಕರಾವಳಿಯ ಜೆಪ್ಪುವಿನ ಮೀನುಗಾರರ ಮನೆಯೊಂದು ಹಾಗೆ ಕೆಂಪಾಯಿತು. ಕಾರಣಗಳನ್ನೂ ಅದೇ ಕೊಟ್ಟಿತ್ತು: ತಂದೆ ಈ ವಿಳಾಸದಲ್ಲಿ ಇಲ್ಲ, ತಾಯಿ ಬೆಳಗಾಗುವ ಮೊದಲೇ ಹೊರಗೆ, ಮಗಳು ಬೇರೊಬ್ಬ ಗಂಡಸಿನ ಜೊತೆ.

ಇಲಾಖೆಯ ಜೀಪಿನಿಂದ ನಾನು ಇಳಿದಾಗ ನೆರೆಕರೆಯವರೆಲ್ಲ ಹೊರಗೆ ಬಂದು ನಿಂತರು. ತಾಯಿ ಬಂದರಿನ ದಕ್ಕೆಗೆ ಮೀನು ಮಾರಲು ಹೋಗಿದ್ದಳು, ತಂದೆ ಬೋಟಿನಲ್ಲಿದ್ದ. ಆ ‘ಬೇರೊಬ್ಬ ಗಂಡಸು’ ಹುಡುಗಿಯ ಸೋದರಮಾವ. ಅವಳಿಗೆ ಜಡೆ ಹಾಕುತ್ತಾ ಕೂತಿದ್ದ.

“ಎಂತ ಮೇಡಂ, ಮಾವ ನೋಡದೆ ಮತ್ತೆ ಯಾರು ನೋಡುವುದು?” ಎಂದು ಹುಡುಗಿಯ ಅಜ್ಜಿ ಕೇಳಿದರು.

ಮಕ್ಕಳು ತಾಯಿಯ ಮನೆಯಲ್ಲೇ ಬೆಳೆಯುವುದು, ಸೋದರಮಾವನೇ ಮನೆಯ ಯಜಮಾನನಾಗುವುದು ಇಲ್ಲಿ ತಲೆತಲಾಂತರದ ಕಟ್ಟಳೆ. ಅಷ್ಟನ್ನು ಕಂಪ್ಯೂಟರಿಗೆ ಹೇಳಿಕೊಡಬೇಕೆಂದು ಒಬ್ಬ ಬುದ್ಧಿವಂತನಿಗೂ ಹೊಳೆದಿರಲಿಲ್ಲ.

ಯಾವ ಅಪಾಯವೂ ಇಲ್ಲ ಎಂದು ವರದಿ ಕೊಟ್ಟೆ. ಮುಂದಿನ ವಾರ ನೋಡಿದರೆ ಆ ಮನೆಯ ಅಂಕ ಇನ್ನೂ ಏರಿತ್ತು. ಉರಿದುಕೊಂಡು ಮೇಲಧಿಕಾರಿಯ ಬಳಿಗೆ ಹೋದೆ.

“ಇಲಾಖೆಯವರು ಒಮ್ಮೆ ಹೋದ ಮನೆಗೆ ಅಂಕ ಜಾಸ್ತಿ ಆಗ್ತದೆ ಮೇಡಂ. ಸಿಸ್ಟಮ್ಮಿನಲ್ಲೇ ಹಾಗೆ ಉಂಟು” ಎಂದರು ಅವರು, ಚಹಾ ಕುಡಿಯುತ್ತಾ.

ಅಂದರೆ ಆ ಹುಡುಗಿಯ ಮನೆಗೆ ನಿಜವಾಗಿ ಬಂದ ಅಪಾಯ ಒಂದೇ. ಅದು ಜೀಪಿನಲ್ಲಿ ಬಂದಿತ್ತು.