ಕೊಳ್ಳೇಗಾಲಕ್ಕೆ ಸಿಪಿಯು ಹೊತ್ತು ಹೋದ ದಿನ

ಆ ಗುರುವಾರ ಹೊರಡುವ ಮುಂಚೆ ಮಾಡಿದ ಕೆಲಸಗಳು: ನಾಲ್ಕು ಕೊಡ ನೀರು ಹಿಡಿದೆ. ಹಾಲು ಕಾಯಿಸಿದೆ. ಕರಿಬೇವಿನ ಗಿಡಕ್ಕೆ ಅಕ್ಕಿ ತೊಳೆದ ನೀರು ಹಾಕಿದೆ. ಸ್ಟುಡಿಯೊ ಬಾಗಿಲಿಗೆ ‘ನಾಳೆ ಬನ್ನಿ’ ಎಂದು ಬರೆದ ರಟ್ಟು ಕಟ್ಟಿದೆ. ಕಂಪ್ಯೂಟರಿನ ವೈರುಗಳನ್ನೆಲ್ಲ ಬಿಚ್ಚಿ, ಸಿಪಿಯು ಡಬ್ಬವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ದಾರದಿಂದ ಬಿಗಿದೆ. ಅಷ್ಟು ಹೊತ್ತಿಗೆ ಜಯಮ್ಮ ಸೀರೆ ಉಟ್ಟು ಸಿದ್ಧಳಾಗಿದ್ದಳು.

ಹನೂರಿನಲ್ಲಿ ನಮ್ಮದು ಒಂದೇ ಕೋಣೆಯ ಸ್ಟುಡಿಯೊ. ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಹೋಗಿ ವಿಡಿಯೊ ತೆಗೆಯುವವನು ನಾನು. ಕೂತು ಎಡಿಟಿಂಗ್ ಮಾಡುವವಳು ನನ್ನ ಹೆಂಡತಿ ಜಯಮ್ಮ. ಹತ್ತೊಂಬತ್ತು ವರ್ಷದಿಂದ ಹೀಗೇ ನಡೆದಿದೆ. ನನಗೆ ಎಡಿಟಿಂಗ್ ಬಾರದು, ಕಲಿಯುವ ಅಗತ್ಯವೂ ಬಿದ್ದಿರಲಿಲ್ಲ.

ಎರಡು ತಿಂಗಳಿಂದ ಕೆಲಸ ಕೆಡತೊಡಗಿತ್ತು. ಮಾಂಬಳ್ಳಿಯ ಒಂದು ಮದುವೆಯ ವಿಡಿಯೊ ಕೊಟ್ಟೆವು, ಅದರಲ್ಲಿ ಗಂಡಿನ ಕಡೆಯವರು ಹೆಚ್ಚುಕಡಿಮೆ ಇರಲೇ ಇಲ್ಲ. ಗಂಡಿನ ಸೋದರತ್ತೆ ಪುಟ್ಟತಾಯಮ್ಮ ಫೋನಿನಲ್ಲಿ, “ಯಾಕಪ್ಪ, ನಮ್ ಉಡ್ಗ ಅನಾಥನಾ? ಬೀಗರೂಟದಲ್ಲಿ ಎಣ್ಣಿನ್ ಕಡೆಯವ್ರು ನಿಂಗೆ ಎರಡ್ ಪೀಸ್ ಜಾಸ್ತಿ ಇಕ್ಕುದ್ರಾ?” ಎಂದು ಕೇಳಿದ್ದರು. ಅವರನ್ನೆಲ್ಲ ನಾನೇ ನಿಲ್ಲಿಸಿ ತೆಗೆದಿದ್ದೆ, ಚೆನ್ನಾಗಿ ನೆನಪಿದೆ. ಜಯಮ್ಮನದು ಒಂದೇ ಮಾತು: “ಕಂಪ್ಯೂಟ್ರು ಕ್ಲಿಪ್ ನುಂಗ್ತಾ ಅದೆ ಕಣ್ರಿ. ಏನಾರ ಒಸದು ಆಕುಸ್ಬೇಕು. ಇನ್ನೊಂದ್ ಮದ್ವೆ ಇಂಗಾದ್ರೆ ನಾನು ಆ ಕುರ್ಚಿ ಮ್ಯಾಲೆ ಕೂರಕಿಲ್ಲ.” ಅವಳು ಬೆದರಿಸುವವಳಲ್ಲ. ಅದಕ್ಕೇ ಹೊರಟದ್ದು.

ಎಂಟೂಕಾಲಿನ ಬಸ್ಸು ಸಿಕ್ಕಿತು. ಕೊಳ್ಳೇಗಾಲಕ್ಕೆ ಇಪ್ಪತ್ತೈದು ಕಿಲೋಮೀಟರು. ಜಯಮ್ಮ ಆಧಾರ್ ತೋರಿಸಿದಳು, ನಾನು ಟಿಕೆಟ್ ತೆಗೆದೆ. ನನ್ನ ತೊಡೆಯ ಮೇಲಿದ್ದ ಕಂಬಳಿ ಗಂಟನ್ನು ನೋಡಿ ಕಂಡಕ್ಟರು, “ಏನ್ ಸಾ, ಕೂಸ್ ಸುತ್ಕಂಡ್ ಬಂದಂಗದೆ?” ಎಂದರು.

“ಹತ್ ವರ್ಸದ್ ಕೂಸು ಕಣಪ್ಪ,” ಎಂದಳು ಜಯಮ್ಮ. “ಇನ್ನೂ ನಡಿಯಾಕ್ ಬರಕಿಲ್ಲ.”

ಸುತ್ತಲಿನವರು ನಕ್ಕರು. ಕಂಡಕ್ಟರು ಲಗೇಜಿನ ಮಾತೆತ್ತಲಿಲ್ಲ. ಕಾಮಗೆರೆಯಲ್ಲಿ ಆಸ್ಪತ್ರೆಗೆ ಹೋಗುವವರು ಇಳಿದು ಸೀಟು ಖಾಲಿಯಾಯಿತು. ಬಿಸಿಲು ಆಗಲೇ ಏರಿತ್ತು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಎರಡೆರಡು ಇಡ್ಲಿ ತಿಂದು ಆಟೊ ಹಿಡಿದೆವು.

ಕಂಪ್ಯೂಟರ್ ಅಂಗಡಿಯ ಮಾದೇಶ ನಮಗೆ ಹಳೆಯ ಪರಿಚಯ. ಡಬ್ಬ ಬಿಚ್ಚಿ ಬ್ಲೋಯರ್ ಹಿಡಿದು ಧೂಳು ಹಾರಿಸಿದ. “ಅಣ್ಣ, ಎಂಟ್ ಜಿಬಿ ರ‍್ಯಾಮಲ್ಲಿ ಈಗಿನ್ ಕ್ಯಾಮ್ರಾ ವಿಡಿಯೊ ಎಳುಸ್ತಾ ಇದ್ದೀರಲ್ಲ. ಎತ್ತಿನ್ ಗಾಡಿಗೆ ಲಾರಿ ಲೋಡ್ ಏರ್ದಂಗೆ.”

ನಾನು ಗ್ರಾಫಿಕ್ಸ್ ಕಾರ್ಡು ಕೇಳಿದೆ. ರಾಮಾಪುರದ ಸ್ಟುಡಿಯೊದವರು ಹಾಕಿಸಿದ್ದರು, ಅದೇ ನನ್ನ ತಲೆಯಲ್ಲಿತ್ತು.

“ಅದು ಆಮ್ಯಾಕೆ. ಅದ್ನ ಆಕುದ್ರೆ ಈ ಪವರ್ ಸಪ್ಲೈ ತಡಿಯಕಿಲ್ಲ, ಅದ್ನೂ ಬದ್ಲಾಯಿಸ್ಬೇಕು. ನಿಮ್ಗೆ ಮೊದ್ಲು ಬೇಕಿರೋದು ಎಸ್‌ಎಸ್‌ಡಿ, ಆಮ್ಯಾಕೆ ರ‍್ಯಾಮು. ಈಗ ಅಂಗಡೀದೇ ಆಕಿ ನೋಡವ. ಎಲ್ಲಿ ನಿಲ್ತದೆ ಅಂತ ಗೊತ್ತಾಗ್ದೆ ಸಾಮಾನ್ ತಕಬಾರ್ದು.”

ಹಳೆಯ ಹಾರ್ಡ್‌ಡಿಸ್ಕಿನಿಂದ ಎಲ್ಲವನ್ನೂ ಹೊಸ ಎಸ್‌ಎಸ್‌ಡಿಗೆ ತುಂಬಿಸಲು ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ತನ್ನ ದೊಡ್ಡ ಮಾನಿಟರಿಗೆ ಜೋಡಿಸಿ ಮಾಂಬಳ್ಳಿ ಮದುವೆಯನ್ನು ತೆರೆದ. ಎಲ್ಲೂ ತಡೆಯದೆ ಓಡಿತು. ಜಯಮ್ಮನ ಮುಖ ಅರಳಿತು. ಮಾದೇಶ ಮಾತ್ರ ಕ್ಲಿಪ್ಪುಗಳ ಪಟ್ಟಿಯನ್ನು ಮೇಲೆ ಕೆಳಗೆ ಮಾಡುತ್ತ, “ಅಕ್ಕ, ಇದು ಏನೂ ನುಂಗಿಲ್ಲ ಕಣಕ್ಕ. ಕ್ಲಿಪ್ಪೆಲ್ಲ ಇಲ್ಲೇ ಅವೆ. ನೀವೇಳಿದ್ ಗಂಡಿನ್ ಸೋದರತ್ತೆ ಅಸ್ರು ಸೀರೆಯವ್ರು ತಾನೆ? ಇಲ್ಲೇ ಅವ್ರಲ್ಲ” ಎಂದ.

“ಎಲ್ಲವ್ರೆ?”

“ಇಲ್ಲೇ, ನಿಮ್ ಮುಂದೇನೆ.”

“ಸುಮ್ನಿರು ಮಾದೇಶ, ಆಟ ಆಡ್ಬ್ಯಾಡ.”

ಹಸಿರು ಸೀರೆಯ ಪುಟ್ಟತಾಯಮ್ಮ ಪರದೆಯ ಎಡಗಡೆಯ ಸಾಲಿನಲ್ಲಿ, ಅರಿಶಿನದ ಬಟ್ಟಲು ಹಿಡಿದು, ಬೆಂಕಿಪೊಟ್ಟಣದಷ್ಟು ದೊಡ್ಡದಾಗಿ ಕಾಣುತ್ತಿದ್ದರು. ಮಾದೇಶ ನನ್ನ ಮುಖ ನೋಡಿದ. ಆಮೇಲೆ ಆ ಪಟ್ಟಿಯನ್ನೇ ಎಳೆದು ಪರದೆಯ ಬಲಗಡೆಗೆ ತಂದು ಇಟ್ಟ.

“ಈಗ ಬಂದ್ರು ನೋಡು,” ಎಂದಳು ಜಯಮ್ಮ. “ಇವ್ರೂ ನೋಡ್ಲಿ. ಎಲ್ಲೋದ್ರು ಇವ್ರು?”

ನಾನು ಅವಳ ಎಡಗಡೆ ಸ್ಟೂಲಿನ ಮೇಲೆ ಕೂತಿದ್ದೆ. ಎದ್ದು ಹೋಗಿರಲಿಲ್ಲ. “ಇಲ್ಲೇ ಇವ್ನಿ ಕಣೆ” ಎಂದೆ. ಅವಳು ಇಡೀ ತಲೆ ತಿರುಗಿಸಿ ನನ್ನನ್ನು ಹುಡುಕಿ ನೋಡಿದಳು. ನಗುತ್ತಿದ್ದ ಮುಖ ನಿಧಾನಕ್ಕೆ ಇಳಿಯಿತು. ಮಾದೇಶನೇ ಹತ್ತಿರದ ಕಣ್ಣಿನ ಡಾಕ್ಟರ ಗುರುತು ಹೇಳಿದ.

ಅಲ್ಲಿ ಮುಕ್ಕಾಲು ಗಂಟೆ ಕಾದೆವು. ಡಾಕ್ಟರು ಒಂದೊಂದೇ ಕಣ್ಣು ಮುಚ್ಚಿಸಿ ಎಡಬಲಕ್ಕೆ ಬೆರಳು ಹಿಡಿದು ಎಣಿಸಲು ಹೇಳಿದರು. ಬಲಗಡೆಯದೆಲ್ಲ ಸರಿಯಾಗಿ ಎಣಿಸಿದಳು. ಎಡಗಡೆಗೆ ಹಿಡಿದಾಗ, “ಯಾವಾಗ ಇಡೀತೀರಿ ಸಾ?” ಎಂದು ಕೇಳಿದಳು.

ಕಣ್ಣು ಎರಡೂ ಚೆನ್ನಾಗಿವೆ ಎಂದರು ಡಾಕ್ಟರು. ತಲೆಯೊಳಗೆ ಎಲ್ಲೋ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿರಬೇಕು, ಎರಡು ಕಣ್ಣಿಗೂ ಎಡಗಡೆಯ ನೋಟ ಹೋಗಿದೆ, ಹೋದದ್ದು ಅವರಿಗೇ ಗೊತ್ತಾಗುವುದಿಲ್ಲ, ನಾಳೆಯೇ ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದರು.

“ಕನ್ನಡಕ ಆಕುದ್ರೆ ಸರಿಯೋಯ್ತದಾ ಸಾ?”

“ಕನ್ನಡಕದ್ದಲ್ಲಮ್ಮ ಇದು. ಸ್ವಲ್ಪ ವಾಪಸ್ ಬರಬಹುದು. ಬರದೇನೂ ಇರಬಹುದು. ಎರಡು ತಿಂಗಳ ಹಿಂದೆ ಏನಾದರೂ ಆಗಿತ್ತಾ?”

ಆಗಿತ್ತು. ಶಿವರಾತ್ರಿ ಕಳೆದ ವಾರ ಎರಡು ದಿನ ತಲೆನೋವೆಂದು ಒದ್ದಾಡಿದ್ದಳು. ಒಂದು ನಾಮಕರಣದ ವಿಡಿಯೊ ಕೊಡಬೇಕಿತ್ತು. ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದುಕೊಟ್ಟು, ಟೀ ಮಾಡಿಕೊಟ್ಟು, ಅದೊಂದು ಮುಗಿಸಿಬಿಡು ಎಂದವನು ನಾನು. ಅದನ್ನು ಡಾಕ್ಟರಿಗೆ ಹೇಳಿದೆ. ಹೇಳುವಾಗ ಜಯಮ್ಮ ನನ್ನ ತೋಳು ಹಿಡಿದುಕೊಂಡಳು.

ನನಗೆ ಊರಿಗೆ ಹೋದರೆ ಸಾಕಾಗಿತ್ತು. ಮಾಂಬಳ್ಳಿಗೆ ಹೋಗಿಯೇ ಬರಬೇಕು ಎಂದಳು ಅವಳು. ಬಸ್ಸು ಹತ್ತುವಾಗ, ಕಂಪ್ಯೂಟರ್ ಕೆಟ್ಟಿತ್ತು ಎಂದು ಹೇಳಿ ಮುಗಿಸೋಣ ಎಂದೆ. “ಬ್ಯಾಡ. ಪಾಪ, ತಪ್ಪೆಲ್ಲ ಅದ್ರ ಮ್ಯಾಲೆ ಎರಡ್ ತಿಂಗಳಿಂದ ಆಕಿದ್ದಾಯ್ತಲ್ಲ.”

ಮಾಂಬಳ್ಳಿಯಲ್ಲಿ ಪುಟ್ಟತಾಯಮ್ಮ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಮ್ಮನ್ನು ಕಂಡೊಡನೆ, “ಬನ್ನಿ ಬನ್ನಿ, ಎಣ್ಣಿನ್ ಕಡೆಯವ್ರು” ಎಂದರು. ಜಯಮ್ಮ ಪಕ್ಕದಲ್ಲಿ ಕೂತು ಆದದ್ದನ್ನು ಆದ ಹಾಗೆ ಹೇಳಿದಳು. ಮಂಟಪದಲ್ಲಿ ಗಂಡಿನ ಕಡೆಯವರು ನಿಂತದ್ದು ಪರದೆಯ ಎಡಗಡೆ, ಅವರು ನಿಂತದ್ದೇ ತನಗೆ ಕಾಣದೆ ಆ ಕ್ಲಿಪ್ಪುಗಳೆಲ್ಲ ಬಿಟ್ಟುಹೋದವು ಎಂದಳು. ಪುಟ್ಟತಾಯಮ್ಮನ ಕೈ ಹುಣಸೆಹಣ್ಣಿನಲ್ಲೇ ನಿಂತಿತು.

“ಅಯ್ಯೋ ನನ್ನವ್ವ. ನಾನು ಬಾಯಿಗ್ ಬಂದಂಗ್ ಅಂದ್ಬುಟ್ನಲ್ಲ.”

“ನೀವಂದಿದ್ಕೇ ಗೊತ್ತಾಗಿದ್ದು ಬುಡಿ ಅತ್ತೆ. ಇಲ್ದೆವೋಗಿದ್ರೆ ಇನ್ನೂ ಎಷ್ಟ್ ಮನೆಯವ್ರ ಅಳಿಸಾಕ್ತಿದ್ನೋ.”

ಮಜ್ಜಿಗೆ ಕೊಟ್ಟರು. ವಿಡಿಯೊ ಯಾವಾಗ ಎಂದು ಯಾರೂ ಕೇಳಲಿಲ್ಲ. ಹೊರಡುವಾಗ ಒಂದು ಚೀಲ ಹುಣಸೆಹಣ್ಣು ಕೈಗಿಟ್ಟರು.

ಸಂಜೆ ಕೊಳ್ಳೇಗಾಲದಲ್ಲಿ ಸಿಪಿಯು ತೆಗೆದುಕೊಳ್ಳಲು ಹೋದೆವು. ಎಸ್‌ಎಸ್‌ಡಿ, ರ‍್ಯಾಮು ತೆಗೆದುಬಿಡಲಾ ಎಂದು ಮಾದೇಶ ತಗ್ಗಿದ ದನಿಯಲ್ಲಿ ಕೇಳಿದ. “ಇರ್ಲಿ,” ಎಂದಳು ಜಯಮ್ಮ. “ಇನ್ಮುಂದೆ ಇವ್ರು ಕೂರ್ತಾರೆ. ಕಲಿಯೋರ್ ಕೈಗೆ ನಿಧಾನದ ಮಿಸನ್ ಕೊಡಬಾರ್ದು.” ಅಂಗಡಿಯಲ್ಲಿದ್ದಷ್ಟು ಹೊತ್ತೂ ಅವಳು ಮಾನಿಟರುಗಳ ಕಡೆ ತಿರುಗಲಿಲ್ಲ.

ಬಸ್ಸಿನಲ್ಲಿ ಅವಳನ್ನು ಕಿಟಕಿ ಪಕ್ಕ ಕೂರಿಸಿ ನಾನು ಬಲಗಡೆ ಕೂತೆ. ಕಾಮಗೆರೆ ದಾಟಿದ ಮೇಲೆ ಮಾತಾಡಿದಳು. “ಕ್ಯಾಮ್ರಾ ತಿರುಗುಸ್ತಾ ಪ್ಯಾನ್ ಮಾಡುವಾಗ ಕೊನೇಲಿ ನಿಮ್ ಕೈ ನಡುಗ್ತದೆ. ಅದ್ನ ಕತ್ರಿಸಿ ಕತ್ರಿಸಿ ಮುಚ್ಚಿವ್ನಿ, ಇಷ್ಟ್ ವರ್ಸ. ಮೊದ್ಲು ಅದ್ನ ಕಲೀರಿ.” ಆಮೇಲೆ ನನ್ನ ಭುಜಕ್ಕೆ ತಲೆ ಒರಗಿಸಿದಳು. ನನ್ನ ಅಂಗಿಯ ತೋಳು ಒದ್ದೆಯಾಯಿತು.

ಮನೆ ತಲುಪಿದಾಗ ಏಳು ಗಂಟೆ. ಮುದ್ದೆ, ಸೊಪ್ಪಿನ ಬಸ್ಸಾರು, ಅದೇ ಸೊಪ್ಪಿನ ಪಲ್ಯ ಮಾಡಿದೆ. ಅವಳು ಮುದ್ದೆ ಸಾರು ಮುಗಿಸಿ, “ಪಲ್ಯ ಮಾಡ್ನಿಲ್ವಾ?” ಎಂದಳು. ಪಲ್ಯ ತಟ್ಟೆಯ ಎಡಗಡೆ ಇಟ್ಟ ಹಾಗೇ ಇತ್ತು. ಎರಡು ತಿಂಗಳಿಂದ ತಟ್ಟೆಯಲ್ಲಿ ಅದು ಮಿಗುತ್ತಿತ್ತು. ನನ್ನ ಕೈರುಚಿ ಕೆಟ್ಟಿತೆಂದುಕೊಂಡು ದಿನದಿನವೂ ಕಾಯಿತುರಿ ಜಾಸ್ತಿ ಹಾಕುತ್ತ ಬಂದಿದ್ದೆ. ತಟ್ಟೆ ತಿರುಗಿಸಲು ಕೈ ಚಾಚಿದೆ. “ಬುಡಿ, ನಾನೇ ತಿರುಗುಸ್ಕತೀನಿ,” ಎಂದು ಎರಡು ಕೈಯಲ್ಲೂ ತಟ್ಟೆಯನ್ನು ನಿಧಾನವಾಗಿ ತಿರುಗಿಸಿದಳು. ಪಲ್ಯವನ್ನೆಲ್ಲ ತಿಂದಳು. ಎಂಟೂವರೆಗೆ ಅವಳು ಮೊದಲು ಮಲಗಿದಳು.