ಮಗನ ಪಾಲಿನ ಕಡುಬು

ಹುಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಎರಡೂ ಹಿಮ್ಮಡಿ ನೆಲಕ್ಕೆ ಊರಿ, ಮೊಣಕೈಗಳನ್ನು ಮೊಣಕಾಲಿನ ಮೇಲಿಟ್ಟು, ಇಟ್ಟಿಗೆಯ ಒಲೆಯೊಳಕ್ಕೆ ಸೌದೆ ನೂಕುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಹೂವಿನ ಚಿತ್ತಾರದ ಪೈಜಾಮ, ಅದೇ ಬಟ್ಟೆಯ ಅಂಗಿ, ತಲೆಗೆ ಯಾರದೋ ಹಳೆಯ ಕ್ರಿಕೆಟ್ ಟೋಪಿ. ಬೇಲಿಯ ಈಚೆ ಬಟ್ಟೆ ಒಣಹಾಕುತ್ತಿದ್ದ ನಾನು ಕ್ಲಿಪ್ಪನ್ನು ಬಾಯಲ್ಲೇ ಕಚ್ಚಿಕೊಂಡು ನಿಂತುಬಿಟ್ಟೆ. ನ್ಯೂಜಿಲೆಂಡಿಗೆ ಬಂದಾಗಿನಿಂದ ಒಬ್ಬರೂ ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ಇಲ್ಲಿಯವರು ಕುರ್ಚಿ ಸಿಗದಿದ್ದರೆ ನಿಂತೇ ಇರುತ್ತಾರೆ. ದಾವಣಗೆರೆಯ ನಮ್ಮ ಹಿತ್ತಲಿನಲ್ಲಿ ನನ್ನ ನಾನಿ, ಅಂದರೆ ಅಮ್ಮನ ತಾಯಿ, ಮೀನು ಸ್ವಚ್ಛ ಮಾಡಲು ಕೂರುತ್ತಿದ್ದದ್ದು ಥೇಟ್ ಹೀಗೆಯೇ. ಯಾರೋ ಪರದೇಶದ ಮುದುಕಿ ಕೂತ ಭಂಗಿ ನೋಡಿ ಅಳು ಬರುತ್ತದೆ ಅಂದರೆ ನನ್ನ ಸ್ಥಿತಿ ಹೇಗಿತ್ತು, ನೀವೇ ಯೋಚಿಸಿ.

ಅಪ್ಪರ್ ಹಟ್ ಅಂದರೆ ವೆಲಿಂಗ್ಟನ್ನಿನಿಂದ ಹೊರಟ ರೈಲು ಹೋಗಿ ಹೋಗಿ ಸುಸ್ತಾಗಿ ನಿಲ್ಲುವ ಊರು. ಎರಡು ಸಾವಿರದ ಮೂರರಲ್ಲಿ ಮದುವೆಯಾಗಿ ಅಲ್ಲಿಗೆ ಬಂದೆ. ನಮ್ಮ ಯಜಮಾನರು ಬೆಳಗಿನ ರೈಲು ಹತ್ತಿದರೆ ಇಳಿಯುವುದು ಸಂಜೆಗೆ. ನಡುವೆ ನಾನು, ನಾಲ್ಕು ಗೋಡೆ, ಮತ್ತು ಅಂಕಿ ಉಜ್ಜಿ ಫೋನ್ ಮಾಡುವ ಕಾರ್ಡು. ಆ ಕಾರ್ಡಿನ ದುಡ್ಡು ಮುಗಿಯುವ ತನಕ ಅಮ್ಮ ಬೈಯುವುದು ಒಂದೇ ಮಾತು: “ಅಕ್ಕಪಕ್ಕದೋರ ಹತ್ರ ಮಾತಾಡೇ. ನಿನ್ನ ಬಾಯೇನು ಬಿದ್ದೋಗುತ್ತಾ?” ಅಕ್ಕಪಕ್ಕದವರು ಸಿಕ್ಕಿದರಲ್ಲವೇ ಮಾತಾಡುವುದು! ಕಾರಿನಿಂದ ಇಳಿದವರಿಗೆ ನಾನು ‘ಹಲೋ’ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರ ಬಾಗಿಲು ಮುಚ್ಚಿರುತ್ತಿತ್ತು.

ಅವತ್ತು ಫೆಬ್ರವರಿಯ ಬೇಸಗೆ. ಹುಲ್ಲೆಲ್ಲ ಒಣಗಿತ್ತು, ಬಯಲಲ್ಲಿ ಬೆಂಕಿ ಹಚ್ಚಬಾರದೆಂದು ನಿಷೇಧವಿತ್ತು. ಇದು ನನಗೂ ಗೊತ್ತಿರಲಿಲ್ಲ, ಆಕೆಗೂ ಗೊತ್ತಿರಲಿಲ್ಲ. ಆಚೆ ಮನೆಯವರಿಗೆ ಗೊತ್ತಿತ್ತು. ನಾನು ಕೊನೆಯ ಅಂಗಿ ಒಣಹಾಕುವ ಹೊತ್ತಿಗೆ ಅಗ್ನಿಶಾಮಕದ ಕೆಂಪು ಬಂಡಿ ಬಂದೇಬಿಟ್ಟಿತು. ಆಳೆತ್ತರದ ಇಬ್ಬರು ಹಿತ್ತಲಿಗೆ ನುಗ್ಗಿ ಒಲೆ ಆರಿಸಲು ಹೊರಟರೆ, ಅವರ ಎದೆಮಟ್ಟಕ್ಕೂ ಬಾರದ ಈಕೆ ಎರಡೂ ಕೈ ಚಾಚಿ ಒಲೆಗೆ ಅಡ್ಡ ನಿಂತರು.

“ನೋ! ಕುದಿ ನಿಲ್ಲಬಾರದು. ನಿಂತ್ರೆ ಒಳಗೆ ಅಕ್ಕಿ ಹಸೀನೇ ಉಳಿಯುತ್ತೆ.”

“ಅಮ್ಮ, ಬೆಂಕಿ ನಿಷೇಧ ಇದೆ. ಪಾತ್ರೆಯಲ್ಲಿ ಏನಿದೆ?”

“ಹೊಸ ವರ್ಷ,” ಅಂದರು ಆಕೆ.

ಆ ಅಧಿಕಾರಿಯ ಮುಖ ನೋಡಬೇಕಿತ್ತು. ಹೊಸ ವರ್ಷ ಕಳೆದು ತಿಂಗಳಾಗಿತ್ತಲ್ಲ! ನಾನು ಕ್ಲಿಪ್ಪು ಉಗಿದು ಬೇಲಿಯ ಸಂದಿಯಿಂದ ನುಸುಳಿ ಹೋದೆ. ಎಲ್ಲಿಂದ ಧೈರ್ಯ ಬಂತೋ ದೇವರೇ ಬಲ್ಲ. ನಮ್ಮ ಮನೆಯಲ್ಲಿ ಬಿರಿಯಾನಿ ಮಾಡುವ ದೊಡ್ಡ ಗ್ಯಾಸ್ ಒಲೆ ಇದೆ, ಅದನ್ನು ತಂದರೆ ಆಗುತ್ತದೆಯೇ ಎಂದು ನನ್ನ ಕುಂಟು ಇಂಗ್ಲಿಷಿನಲ್ಲಿ ಕೇಳಿದೆ. ಆಗಲಿ ಅಂದರು. ಒಲೆ ಹೊತ್ತಿಸಿದ ಮೇಲೆ, ಬೆಂಕಿ ಆರಿಸಲು ಬಂದ ಆ ಇಬ್ಬರೇ ಕುದಿಯುವ ಪಾತ್ರೆಯನ್ನು ಒಂದೊಂದು ಕಡೆ ಹಿಡಿದು, ತುಳುಕದ ಹಾಗೆ ಎತ್ತಿ ಗ್ಯಾಸಿನ ಮೇಲೆ ಇಟ್ಟುಕೊಟ್ಟರು. ಆಕೆ ಪಾತ್ರೆಗೆ ಕಿವಿಗೊಟ್ಟು ಕುದಿಯ ಸದ್ದು ಕೇಳಿ, ಸಮಾಧಾನವಾಗಿ, ನನ್ನ ಕೈ ಹಿಡಿದು ಹುಲ್ಲಿನ ಮೇಲೆ ಎಳೆದು ಕೂರಿಸಿದರು. “ಇದು ಕುದಿಯೋವಾಗ ಒಬ್ಬರೇ ಕೂರಬಾರದು. ನನ್ನ ಗಂಡ ಹೋದಾಗಿಂದ ಒಬ್ಬಳೇ ಕೂತಿದೀನಿ. ನೀನು ಕೂತ್ಕೋ.”

ಹೀಗೆ ನನಗೆ ಆಂಟಿ ಸಿಕ್ಕಿದರು. ಅವರು ನನ್ನನ್ನು ‘ಕೊನ್’ ಎಂದು ಕರೆಯುತ್ತಿದ್ದರು. ಅವರ ವಿಯೆಟ್ನಾಮೀ ಭಾಷೆಯಲ್ಲಿ ಹಾಗೆಂದರೆ ಮಗು. ಅವರ ಇಂಗ್ಲಿಷೂ ನನ್ನದರಷ್ಟೇ ಕುಂಟು, ಆದ್ದರಿಂದ ನಮ್ಮ ಮಾತು ಚೆನ್ನಾಗಿ ನಡೆಯಿತು. ಅವರ ಮಾತನ್ನೆಲ್ಲ ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪಾತ್ರೆಯಲ್ಲಿದ್ದದ್ದು ಬಾನ್ ಚುಂಗ್. ಚಾಂದ್ರಮಾನದ ಲೆಕ್ಕದಲ್ಲಿ ಬರುವ ಅವರ ಹೊಸ ವರ್ಷ ಟೆಟ್ ಹಬ್ಬಕ್ಕೆ ಇದಿಲ್ಲದೆ ಆಗುವುದಿಲ್ಲ. ನೆನೆಸಿದ ಅಂಟಕ್ಕಿ, ನಡುವೆ ಹೆಸರುಬೇಳೆ, ಅದರ ನಡುವೆ ಮೆಣಸು ಹಚ್ಚಿದ ಹಂದಿಮಾಂಸ. ಎಲ್ಲವನ್ನೂ ಎಲೆಯಲ್ಲಿ ಚೌಕಾಕಾರವಾಗಿ ಸುತ್ತಿ, ಕಟ್ಟಿ, ಬೆಳಗಿನಿಂದ ಸಂಜೆಯವರೆಗೆ ನೀರಿನಲ್ಲಿ ಕುದಿಸುವುದು. ನಮ್ಮ ಕರಾವಳಿಯವರ ಕೊಟ್ಟೆ ಕಡುಬಿನ ದೂರದ ನೆಂಟ ಅನ್ನಬಹುದು. ನಾನಂತೂ ಅದನ್ನು ಕಡುಬು ಎಂದೇ ಕರೆದೆ. ಅವರ ಊರಿನ ಎಲೆ ಇಲ್ಲಿ ಸಿಗುವುದಿಲ್ಲ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಬಾಳೆಯೆಲೆ ತರುತ್ತಿದ್ದರು. ಬಾಳೆಯೆಲೆ ಹಸಿರು ಬಿಡುವುದಿಲ್ಲವೆಂದು ಹಿತ್ತಲಿನ ಸಿಲ್ವರ್‌ಬೀಟ್ ಸೊಪ್ಪು ಅರೆದು ರಸವನ್ನು ಅಕ್ಕಿಗೆ ಕಲಸುತ್ತಿದ್ದರು. ಬಿಗಿಯಾಗಿ ಕಟ್ಟಿದರೆ ಅಕ್ಕಿ ಉಬ್ಬಿ ಒಡೆಯುತ್ತದೆ, ಸಡಿಲ ಕಟ್ಟಿದರೆ ನೀರು ನುಗ್ಗುತ್ತದೆ. ನಾನು ಕಟ್ಟಿದ ಮೊದಲನೆಯದನ್ನು ಎತ್ತಿ ತೋರಿಸಿ, “ಇದು ಕಡುಬಲ್ಲ, ದಿಂಬು. ರಾತ್ರಿ ತಲೆಗಿಟ್ಟು ಮಲಕ್ಕೋ,” ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದರು. ಬೆಂದ ಕಡುಬನ್ನು ಚಾಕುವಿನಿಂದ ಕೊಯ್ಯುವಂತಿಲ್ಲ. ಕಟ್ಟಿದ್ದ ದಾರವನ್ನೇ ಅಡಿಗೆ ಹಾಸಿ, ಎರಡು ತುದಿ ಹಿಡಿದು ಎಳೆಯುವುದು.

ಮೊದಲ ವರ್ಷ ಹಬ್ಬದ ಸಂಜೆ ಅವರು ಕಡುಬು ಹಿಡಿದು ಬಂದಾಗ ನನಗೆ ಸಂಕಟವಾಯಿತು. ಬಚ್ಚಿಡುವುದು ನನಗೆ ಬರುವುದಿಲ್ಲ, ನೇರವಾಗಿ ಹೇಳಿದೆ. “ಆಂಟಿ, ನಾವು ಮುಸ್ಲಿಮರು. ಹಂದಿ ಮುಟ್ಟಲ್ಲ.”

“ಇದರಲ್ಲಿ ಹಂದಿ ಇಲ್ಲ. ಬರೀ ಬೇಳೆ. ಇದು ನನ್ನ ಮಗನ ಪಾಲು. ಅವನಿಗೆ ಕೊಬ್ಬು ಕಂಡ್ರೆ ಆಗಲ್ಲ.”

“ಆದ್ರೆ ಅದೇ ನೀರಲ್ಲಿ ಬೆಂದಿದೆಯಲ್ಲ ಆಂಟಿ...”

ಆಂಟಿ ಸ್ವಲ್ಪ ಹೊತ್ತು ಕಡುಬನ್ನೇ ನೋಡಿದರು. ಬೇಜಾರು ಮಾಡಿಕೊಂಡರೇನೋ ಅಂದುಕೊಂಡೆ. ಅವರಿಗೆ ಬೇಜಾರಾಗಿರಲಿಲ್ಲ, ಯೋಚನೆ ಮಾಡುತ್ತಿದ್ದರು. ಮರುವರ್ಷ ಹಬ್ಬದ ಬೆಳಗ್ಗೆ ನಮ್ಮ ಬಾಗಿಲು ಬಡಿದು, “ನಿನ್ನ ಪಾತ್ರೆ ಕೊಡು. ನಿನ್ನ ಒಲೆ, ನಿನ್ನ ನೀರು. ಮಗನದು ಅದರಲ್ಲಿ ಬೇಯಲಿ,” ಅಂದರು. ಅಲ್ಲಿಂದ ಮುಂದೆ ಪ್ರತಿ ವರ್ಷ ಎರಡು ಒಲೆ, ಎರಡು ಪಾತ್ರೆ. ದೊಡ್ಡದು ಅವರದು, ಚಿಕ್ಕದು ನಮ್ಮದು. ಚಿಕ್ಕದರಲ್ಲಿ ಒಂದೇ ಕಡುಬು.

ಮಗನ ವಿಷಯ ಅವರು ಹೇಳಿದ್ದು ಆ ಎರಡನೆಯ ವರ್ಷ, ಒಲೆಯ ಮುಂದೆ ಕೂತಾಗ. ಯುದ್ಧ ಮುಗಿದ ಮೇಲೂ ಅವರ ನಾಡಿನಲ್ಲಿ ಹುಡುಗರನ್ನು ಸೈನ್ಯಕ್ಕೆ ಎಳೆದೊಯ್ಯುತ್ತಿದ್ದರಂತೆ. ಹುಡುಗನಿಗೆ ಹದಿನಾರು. ಇವನೊಬ್ಬನಾದರೂ ಉಳಿಯಲಿ ಎಂದು ಅವನ ಸೋದರಮಾವನ ಜೊತೆ ದೋಣಿ ಹತ್ತಿಸಿದರು. ಮರುವರ್ಷ ಗಂಡ, ಮಗಳ ಜೊತೆ ಇವರೂ ಇನ್ನೊಂದು ದೋಣಿಯಲ್ಲಿ ಹೊರಟು, ಮಲೇಷ್ಯಾದ ಶಿಬಿರದಲ್ಲಿ ಕೊಳೆತು, ಇಲ್ಲಿಗೆ ಬಂದು ಸೇರಿದರು. ಆ ಮೊದಲ ದೋಣಿ ಎಲ್ಲಿಗೂ ಸೇರಿದ ಸುದ್ದಿ ಬರಲಿಲ್ಲ. ಮುಳುಗಿದ ಸುದ್ದಿಯೂ ಬರಲಿಲ್ಲ.

ಅವರ ಮನೆಯ ನಡುಕೋಣೆಯಲ್ಲಿ ಗೋಡೆಗೆ ಹೊಡೆದ ಒಂದು ಹಲಗೆ. ಅದರ ಮೇಲೆ ಗಂಡನ, ಅತ್ತೆಮಾವನ, ತಂದೆತಾಯಿಯ ಪಟಗಳು, ಊದಿನಕಡ್ಡಿ, ಹಣ್ಣು. ಹಬ್ಬದಲ್ಲಿ ಸತ್ತವರು ಮನೆಗೆ ಊಟಕ್ಕೆ ಬರುತ್ತಾರೆ, ಅವರಿಗೆ ಮೊದಲು ಬಡಿಸಬೇಕು. ಹೀಗೆ ಕರೆದು ಬಡಿಸುವವರಿಲ್ಲದ ಸತ್ತವರು ಹಸಿದುಕೊಂಡು ಅಲೆಯುತ್ತಾರೆ ಎಂಬುದು ಅವರ ನಂಬಿಕೆ. ಮಗನ ಪಟ ಮಾತ್ರ ಹಲಗೆಯ ಮೇಲಿರಲಿಲ್ಲ, ಹಾಸಿಗೆಯ ಪಕ್ಕದ ಮೇಜಿನ ಖಾನೆಯಲ್ಲಿತ್ತು. ಬದುಕಿರುವವನ ಪಟವನ್ನು ಸತ್ತವರ ಸಾಲಿನಲ್ಲಿಟ್ಟರೆ ತಾಯಿಯೇ ಅವನನ್ನು ಕೊಂದ ಹಾಗೆ. ಅದಕ್ಕೆ ಅವನ ಕಡುಬನ್ನು ಊಟದ ಮೇಜಿನಲ್ಲಿ, ಅವನ ಕುರ್ಚಿಯ ಮುಂದೆ ಇಡುತ್ತಿದ್ದರು. ಬರುವವರಿಲ್ಲದೆ ಅದು ಒಣಗುತ್ತಿತ್ತು. ಬಿಸಾಡಲು ಕೈ ಬಾರದೆ ತಾವೇ ತಿನ್ನುತ್ತಿದ್ದರು. “ಮಗನ ಪಾಲು ತಾಯಿ ತಿನ್ನೋದು ಅಂದ್ರೆ ಏನು ಗೊತ್ತಾ ಕೊನ್? ಗಂಟಲಲ್ಲಿ ಇಳಿಯಲ್ಲ.” ನಾನು ಬಂದ ಮೇಲೆ ಅವರಿಗೊಂದು ದಾರಿ ಸಿಕ್ಕಿತು. ನನ್ನ ತಟ್ಟೆಗೆ ಹಾಕುತ್ತಾ ಹೇಳಿದರು: “ನಾನಿಲ್ಲಿ ಯಾರದೋ ಮಗಳಿಗೆ ಉಣ್ಣಿಸಿದ್ರೆ, ಎಲ್ಲೋ ಯಾರೋ ತಾಯಿ ನನ್ನ ಮಗನಿಗೆ ಉಣ್ಣಿಸ್ತಾಳೆ. ತಿನ್ನು. ಬಿಡಬೇಡ.”

ನಾನು ಬಿಡಲಿಲ್ಲ. ಸಪ್ಪೆ ಕಡುಬು, ನಿಜ ಹೇಳಬೇಕೆಂದರೆ ಉಪ್ಪಿನಕಾಯಿ ಇಲ್ಲದೆ ನನಗೆ ಇಳಿಯುತ್ತಿರಲಿಲ್ಲ. ಆದರೆ ಆ ದೇಶದಲ್ಲಿ ನನಗೆಂದು ಒಬ್ಬರು ಅಡುಗೆ ಮಾಡಿ, ಎದುರು ಕೂತು, ತಿನ್ನು ತಿನ್ನು ಎಂದು ಗದರುತ್ತಿದ್ದದ್ದು ವರ್ಷಕ್ಕೆ ಆ ಒಂದು ದಿನ.

ಬ್ರಿಸ್ಬೇನಿನಲ್ಲಿದ್ದ ಅವರ ಮಗಳಿಗೆ ಇದು ಹಿಡಿಸುತ್ತಿರಲಿಲ್ಲ. ಹೃದಯವಿಲ್ಲದವಳಲ್ಲ, ಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಿದ್ದಳು, ತಪ್ಪದೆ ಜಗಳವಾಗುತ್ತಿತ್ತು. ಒಂದು ವರ್ಷ ಖುದ್ದಾಗಿ ಬಂದವಳು ನನ್ನ ಎದುರೇ, ಇಂಗ್ಲಿಷಿನಲ್ಲೇ ಅಂದಳು, “ಅಮ್ಮ, ಅಣ್ಣ ಸತ್ತಿದ್ರೆ ಇಷ್ಟು ವರ್ಷ ಹಸಿದುಕೊಂಡಿದ್ದಾನೆ. ನೀನು ಅವನ ಊಟನ ಬೇರೆಯವರಿಗೆ ಕೊಡ್ತಾ ಇದೀಯ.” ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆಂಟಿಗೆ ಪಿತ್ತ ನೆತ್ತಿಗೇರಿತು, ಮಗಳನ್ನು ತಮ್ಮ ಭಾಷೆಯಲ್ಲಿ ಹಿಗ್ಗಾಮುಗ್ಗಾ ಬೈದರು. ಆಮೇಲೆ ಹಿತ್ತಲಿಗೆ ಬಂದು ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು, “ನಿಮ್ಮಲ್ಲಿ ಸತ್ತವರಿಗೆ ಹಸಿವಾಗುತ್ತಾ?”

“ಇಲ್ಲ ಆಂಟಿ. ನಮ್ಮಲ್ಲಿ ದುವಾ ಮಾಡ್ತೀವಿ, ಅಷ್ಟೆ. ಪ್ರಾರ್ಥನೆ.”

“ಪುಣ್ಯವಂತರು,” ಅಂದರು.

ಎರಡು ಸಾವಿರದ ಎಂಟರ ಹೊತ್ತಿಗೆ ಅವರ ಕೆಮ್ಮು ಜೋರಾಯಿತು. ಶ್ವಾಸಕೋಶ ಎಂದರು ಡಾಕ್ಟರು. ಆಸ್ಪತ್ರೆಗೆ ಜೊತೆಗೆ ಹೋಗಿದ್ದ ನನಗೆ ಅವರು ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದು ಹೆಚ್ಚು ಅರ್ಥವಾಯಿತು. ಆಂಟಿಗೂ ಅರ್ಥವಾಗಿತ್ತು. ವಾಪಸು ಬರುವಾಗ ಕಾರಿನಲ್ಲಿ ತಮ್ಮ ಕಾಯಿಲೆಯ ಮಾತನ್ನೇ ಎತ್ತಲಿಲ್ಲ. “ನಾನು ಹೋದ ಮೇಲೆ ಮಗಳು ಹಲಗೆ ಮೇಲಿರೋರಿಗೆ ಬಡಿಸ್ತಾಳೆ. ಖಾನೆಯಲ್ಲಿರೋನಿಗೆ ಯಾರು ಬಡಿಸ್ತಾರೆ?” ಎಂದರು. ಸ್ವಲ್ಪ ದೂರ ಹೋದ ಮೇಲೆ, “ಬದುಕಿದ್ರೆ?” ಎಂದರು. ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ.

ಮುಂದಿನ ಹಬ್ಬದ ಬೆಳಗ್ಗೆ ನಾನು ಎಂದಿನಂತೆ ಚಿಕ್ಕ ಪಾತ್ರೆ ತೊಳೆದು ಒಯ್ದೆ. “ಇವತ್ತು ಅದು ಬೇಡ,” ಅಂದರು. ಎರಡು ಒಲೆ ನೋಡಿಕೊಳ್ಳುವ ತ್ರಾಣ ಇಲ್ಲವೇನೋ ಅಂದುಕೊಂಡು, ನಾನು ನೋಡಿಕೊಳ್ಳುತ್ತೇನೆ ಅಂದೆ. “ಬೇಡ ಅಂದೆನಲ್ಲ,” ಎಂದು ಗದರಿದರು. ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದವು. ಆ ದಿನವೆಲ್ಲ ಆಂಟಿ ಹಿತ್ತಲಿನ ಆರಾಮಕುರ್ಚಿಯಲ್ಲಿ ಹೊದ್ದು ಮಲಗಿದ್ದರು. ನೆಲದ ಮೇಲೆ ಕೂತವಳು ನಾನೊಬ್ಬಳೇ. ಪಾತ್ರೆಯ ನೀರು ಇಳಿದು ನಾನು ಬಿಸಿನೀರು ಹೊಯ್ಯುವಾಗ ಮಾತ್ರ ಅವರು ಕಣ್ಣು ತೆರೆದು, “ಇನ್ನೂ ಸ್ವಲ್ಪ,” ಅನ್ನುತ್ತಿದ್ದರು.

ಸಂಜೆ ಕಡುಬುಗಳನ್ನು ತೊಳೆದು ಒಳಗಿಟ್ಟೆ. ಆಂಟಿ ಎದ್ದು ಮಲಗುವ ಕೋಣೆಗೆ ಹೋಗಿ ಪಟ ತಂದರು. ತೆಳ್ಳಗಿನ ಹುಡುಗ, ಒಂದು ಕಿವಿ ಸ್ವಲ್ಪ ಮುಂದೆ ಬಾಗಿದೆ. ಸೆರಗಿಲ್ಲದ ಹೆಂಗಸು, ಅಂಗಿಯ ಅಂಚಿನಿಂದಲೇ ಗಾಜು ಒರೆಸಿದರು. ಸ್ಟೂಲು ಎಳೆದುಕೊಂಡು, “ನನ್ನ ಹಿಡ್ಕೋ,” ಅಂದರು. ನಾನು ಸೊಂಟ ಹಿಡಿದುಕೊಂಡೆ. ಮೈಯಲ್ಲಿ ಏನೂ ಉಳಿದಿರಲಿಲ್ಲ, ಬರೀ ಮೂಳೆ. ಅವರು ಹತ್ತಿ, ಗಂಡನ ಪಟವನ್ನು ಸ್ವಲ್ಪ ಸರಿಸಿ, ಪಕ್ಕದಲ್ಲಿ ಮಗನನ್ನು ಇಟ್ಟರು. ಅವನ ಮುಂದೆ ಅವನ ಕಡುಬು. ಊದಿನಕಡ್ಡಿ ಹಚ್ಚಿ ಅವನ ಹೆಸರು ಹಿಡಿದು ಕರೆದರು. ಅಷ್ಟು ವರ್ಷದಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಅವರ ಭಾಷೆಯಲ್ಲಿ ಏನೋ ಅಂದರು.

ಇಳಿಸಿಕೊಂಡು ಕೂರಿಸಿದ ಮೇಲೆ ಕೇಳಿದೆ, “ಏನಂದ್ರಿ ಆಂಟಿ?”

“ತಡ ಆಯ್ತು, ಉಣ್ಣು ಅಂದೆ.”

ಆಮೇಲೆ ನನ್ನ ಕೆನ್ನೆ ಮುಟ್ಟಿ, “ಹಲಗೆಗೆ ಇಟ್ಟಿದ್ದು ನೀನು ತಿನ್ನಲ್ಲ, ಗೊತ್ತು. ಇನ್ನು ನಿನಗಿಲ್ಲ, ಕೊನ್,” ಅಂದರು. ನಾನು ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ಆ ತಾಯಿಗಾಗಿ ಅತ್ತೆನೋ, ನನಗಾಗಿ ಅತ್ತೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ.

ಆ ಚಳಿಗಾಲದಲ್ಲಿ ಆಂಟಿ ಹೋದರು. ಮಗಳು ಬಂದು ಎಲ್ಲ ಮಾಡಿದಳು. ಪಟಗಳನ್ನು ಬ್ರಿಸ್ಬೇನಿಗೆ ಒಯ್ಯುವಾಗ ತಾಯಿಯದನ್ನೂ ಅಣ್ಣನದನ್ನೂ ಒಂದೇ ಟವೆಲಿನಲ್ಲಿ ಸುತ್ತಿದಳು. ಹೋಗುವಾಗ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಹಳೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪಕ್ಕದ ಮನೆಗೆ ಬೇರೆ ಯಾರೋ ಬಂದರು, ಕಾರಿನಿಂದ ಇಳಿದು ಒಳಗೆ ಹೋಗುವವರು.

ಒಬ್ಬ ತಾಯಿ ಮಗ ಬದುಕಿದ್ದಾನೆಂದು ನಂಬಿದ್ದ ಕೊನೆಯ ವರ್ಷಗಳಲ್ಲಿ ಅವನ ಪಾಲಿನ ಅನ್ನ ಉಂಡವಳು ನಾನು. ಆ ಋಣ ಸಣ್ಣದಲ್ಲ. ಆಂಟಿಯ ಹೊಸ ವರ್ಷ ಬಂದಾಗ ನಾನು ಕಡುಬು ಮಾಡುವುದಿಲ್ಲ, ಊದಿನಕಡ್ಡಿ ಹಚ್ಚುವುದಿಲ್ಲ. ಅದು ನನ್ನ ದಾರಿಯಲ್ಲ. ನಮಾಜು ಮುಗಿಸಿ, ಚಾಪೆ ಮಡಿಸುವ ಮೊದಲು ಇಬ್ಬರಿಗೂ ದುವಾ ಮಾಡುತ್ತೇನೆ. ಹಾಗೆ ಮಾಡಬಹುದೋ ಬಾರದೋ, ಯಾವ ಮೌಲವಿಯನ್ನೂ ಕೇಳಿಲ್ಲ, ಕೇಳುವುದೂ ಇಲ್ಲ. ಮೊದಲು ಮಗನ ಹೆಸರು, ಆಮೇಲೆ ತಾಯಿಯದು. ಮೊದಲು ಆಂಟಿಯ ಹೆಸರು ಹಿಡಿದರೆ ಅವರು ನನ್ನನ್ನು ಗದರದೆ ಬಿಟ್ಟಾರೆಯೇ?