ಅಣ್ಣನ ಎಂಜಿನ್ನಿಗೆ ಸೀಟಿ

ಕಳೆದ ಮಾಗಿಯ ಒಂದು ಶನಿವಾರ ಬೆಳಿಗ್ಗೆ ಇದು ನಡೆಯಿತು.

ನನ್ನ ಅಣ್ಣ ಉಗಿಬಂಡಿಯ ಚಾಲಕನಾಗಿದ್ದವನು. ನಿವೃತ್ತಿಯ ನಂತರ ಹುಕ್ಕೇರಿಯ ನಮ್ಮ ಅಂಗಳದಲ್ಲಿ ಹಳಿ ಹಾಸಿ, ಆಳುದ್ದದ ಎಂಜಿನ್ ಮಾದರಿಯೊಂದನ್ನು ಕಟ್ಟಿದ. ಅದು ಬ್ಯಾಟರಿಯಿಂದ ಓಡುತ್ತದೆ. ಸದ್ದು ಮಾತ್ರ ಇರಲಿಲ್ಲ. ಅಷ್ಟರಲ್ಲಿ ಅಣ್ಣನ ಕಿವಿಯೂ ಹೋಯಿತು. ಆರು ವರ್ಷಗಳಿಂದ ಭುಜ ಮುಟ್ಟಿಯೇ ಅವನನ್ನು ಕರೆಯಬೇಕು. ತನ್ನ ಎಂಜಿನ್ನಿನ ಸೀಟಿಯನ್ನು ಒಮ್ಮೆ ಕೇಳಬೇಕೆಂಬುದೊಂದೇ ಅವನ ಆಸೆ.

ಮೂಡಲಗಿಯಿಂದ ದಸ್ತಗೀರನನ್ನು ಕರೆಸಿದೆ. ಕಬ್ಬಿನ ಟ್ರ್ಯಾಕ್ಟರುಗಳಿಗೆ ಸ್ಪೀಕರ್ ಕೂಡಿಸುವುದು ಅವನ ಕಸುಬು. ಸೀಟಿಯ ಧ್ವನಿಮುದ್ರಣವನ್ನೂ ತಂದಿದ್ದ.

“ಅಕ್ಕೋರ, ಎಷ್ಟ್ ದೂರ ಕೇಳಬೇಕ್ರಿ?”

“ಅಣ್ಣನಿಗೆ ಕೇಳಿಸಿದರೆ ಸಾಕು.”

“ಕಾಕಾಗ ಕೇಳಬೇಕಂದ್ರ ಗೋಕಾಕದವ್ರಿಗೂ ಕೇಳಸ್ತೈತ್ರಿ ಮತ್ತ.”

ಅದನ್ನು ಹಾಸ್ಯವೆಂದು ತಿಳಿದದ್ದು ನನ್ನ ತಪ್ಪು.

ಅವನು ಗುಂಡಿ ಒತ್ತಿದ. ಅಡುಗೆಮನೆಯ ತಾಟುಗಳು ಉರುಳಿದವು. ಪಕ್ಕದ ಮನೆಯ ಗಂಗವ್ವನ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಮೌನ ಕಲಿಸಿದ ನಾನು ಕಿರುಚಿದೆ.

ನಿಜವಾದ ಆಘಾತ ಅನಂತರದ್ದು. ನಮಗೆ ಬೆನ್ನು ಮಾಡಿ ಕುಳಿತಿದ್ದ ಅಣ್ಣ ತಟ್ಟನೆ ಎದ್ದು, ಹಳಿಯ ಕಡೆಗೆ ತಿರುಗಿದ.

“ಕೇಳಿಸಿತೇ?” ತುಟಿಗಳನ್ನು ನಿಧಾನವಾಗಿ ಆಡಿಸಿ ಕೇಳಿದೆ.

“ಕೇಳ್ತು. ಆದ್ರ ಒಂಚೂರು ಸಣ್ಣ ಆತು.”

ದಸ್ತಗೀರ ಚೀಲದಿಂದ ಇನ್ನೊಂದು ಸ್ಪೀಕರ್ ತೆಗೆದ. ನಾನು ತಡೆಯಲಿಲ್ಲ, ಎಮ್ಮೆ ಹೇಗೂ ಕೊಟ್ಟಿಗೆಯಲ್ಲಿರಲಿಲ್ಲ.

ಅಲ್ಲಿದ್ದವರು: ಅಣ್ಣ ಶಿವಪ್ಪ, ದಸ್ತಗೀರ, ಬೇಲಿಯಾಚೆ ನಿಂತಿದ್ದ ಗಂಗವ್ವ ಮತ್ತು ನಾನು.